ಸ್ಮರಣೆ ಕಡಿಮೆಯಿದೆ

ಇಪ್ಪತ್ತೆರಡು ವರ್ಷ ಬಸ್ಸುಗಳಲ್ಲಿ ಟಿಕೆಟ್ ತಪಾಸಣೆ ಮಾಡಿದವರ ಕಣ್ಣಿಗೆ ಮನುಷ್ಯರು ಎರಡೇ ಬಗೆಯಾಗಿ ಕಾಣುತ್ತಾರೆ: ಸಿಕ್ಕಿಬಿದ್ದವರು ಮತ್ತು ಇನ್ನೂ ಸಿಕ್ಕಿಬೀಳದವರು. ನಮ್ಮ ಬೀದಿಯ ಚೆಕಿಂಗ್ ಸಾಹೇಬರ ಕಣ್ಣು ಅಂಥದ್ದು. ಮನೆಗೆ ನೆಂಟರು ಬಂದರೆ ಅವರು ಮೊದಲು ನೆಂಟರ ಕೈ ನೋಡುತ್ತಾರೆ, ಆಮೇಲೆ ಮುಖ. ಹಾಲು ತಂದವನನ್ನು "ಎಲ್ಲಿ ಹತ್ತಿದ್ದು?" ಎಂದು ಬಾಯಿತಪ್ಪಿ ಕೇಳಿದ್ದೂ ಉಂಟು. ಅವರ ಸ್ವಂತ ಬಾಮೈದ, ಅಂದರೆ ಹೆಂಡತಿಯ ತಮ್ಮ, ಹಿಂದಿನ ದಿನ ಅವಧಿ ಮುಗಿದಿದ್ದ ಪಾಸು ಇಟ್ಟುಕೊಂಡು ಬಸ್ಸಿನಲ್ಲಿ ಸಿಕ್ಕಿದಾಗ, ತುಂಬಿದ ಬಸ್ಸಿನ ನಟ್ಟನಡುವೆ ಅವನನ್ನು ಎಬ್ಬಿಸಿ ನಿಲ್ಲಿಸಿ, ದಂಡದ ರಸೀದಿ ಹರಿದು ಕೈಗಿಟ್ಟು, "ಕಾನೂನಿಗೆ ಅಕ್ಕನೂ ಇಲ್ಲ, ಭಾವನೂ ಇಲ್ಲ" ಎಂದಿದ್ದರು. ಅಂದಿನಿಂದ ಬಾಮೈದ ಸೈಕಲ್ ತುಳಿಯುತ್ತಾನೆ. ಭಾವನ ಜೊತೆ ಮಾತು ಬಿಟ್ಟಿದ್ದಾನೆ. ಅವನು ಕಂಪ್ಯೂಟರ್ ರಿಪೇರಿ ಅಂಗಡಿಯಲ್ಲಿ ಕೆಲಸಕ್ಕಿರುವವನು ಎಂಬುದೊಂದನ್ನು ಇಲ್ಲಿಯೇ ಹೇಳಿಬಿಟ್ಟರೆ ಮುಂದೆ ಅನುಕೂಲ.

ಸಾಹೇಬರ ಮನೆಯ ಮುಂದಿನ ಕೋಣೆಯಲ್ಲಿ, ಕಿಟಕಿಯ ಉದ್ದನೆಯ ಪರದೆಯ ಪಕ್ಕದಲ್ಲಿ, ಒಂದು ಕಂಪ್ಯೂಟರ್ ಇದೆ. ರಕ್ತಪರೀಕ್ಷೆಯ ಲ್ಯಾಬಿನಲ್ಲಿ ಕೆಲಸ ಮಾಡುವ ಹೆಂಡತಿ ಅದರಲ್ಲಿ ವರದಿ ಟೈಪು ಮಾಡುತ್ತಾರೆ. ಮಗಳು ಓದಿಕೊಳ್ಳುತ್ತಾಳೆ. ಸಾಹೇಬರ ತಾಯಿ, ಎಪ್ಪತ್ತೆಂಟರ ಅಜ್ಜಿ, ಪದಬಂಧ ಬಿಡಿಸುತ್ತಾರೆ. ಸಾಹೇಬರು ಇವರು ಮೂವರೂ ಏನು ಮಾಡುತ್ತಾರೆಂದು ಹಿಂದೆ ನಿಂತು ನೋಡುತ್ತಾರೆ. ಅಜ್ಜಿಗೆ ಅನುಕೂಲವಾಗಲೆಂದು ಮಗಳು ಯಂತ್ರದ ಭಾಷೆಯನ್ನು ಪೂರ್ತಿ ಕನ್ನಡಕ್ಕೆ ಬದಲಾಯಿಸಿದ್ದಳು. ಅನಾಹುತಕ್ಕೆ ಬಾಗಿಲು ತೆರೆದದ್ದು ಆ ಒಳ್ಳೆಯತನವೇ.

ಒಂದು ಭಾನುವಾರ ಬೆಳಿಗ್ಗೆ ಸಾಹೇಬರು ಕಂಪ್ಯೂಟರಿನ ಮುಂದೆ ಕೂತು, ಹವಾಮಾನ, ಪತ್ರಿಕೆ, ಬೆನ್ನುನೋವಿನ ವ್ಯಾಯಾಮ ಎಂದು ಒಂದರ ಮೇಲೊಂದು ಹದಿನಾಲ್ಕು ಕಿಟಕಿ ತೆರೆದರು. ಒಂದನ್ನೂ ಮುಚ್ಚಲಿಲ್ಲ. ಯಂತ್ರ ಸ್ವಲ್ಪ ಹೊತ್ತು ಏದುಸಿರು ಬಿಟ್ಟಿತು. ಆಮೇಲೆ ಕಂಪ್ಯೂಟರಿನ ಪರದೆಯ ನಡುವೆ ಒಂದು ಹಳದಿ ಚೌಕ ಮೂಡಿತು:

"ಸ್ಮರಣೆ ಕಡಿಮೆಯಿದೆ. ಕೆಲವನ್ನು ಮುಚ್ಚಿ."

ಸಾಹೇಬರು ಅದನ್ನು ಮೂರು ಸಲ ಓದಿದರು. ಆಮೇಲೆ ಅಡುಗೆಮನೆಯ ಬಾಗಿಲಿಗೆ ಹೋಗಿ ನಿಂತರು.

"ನನಗೆ ಮರೆವು ಬಂದಿದ್ಯಾ?"

"ಯಾಕ್ರೀ?" ಎಂದರು ಹೆಂಡತಿ.

"ಬಂದಿದ್ಯೋ ಇಲ್ವೋ, ಅಷ್ಟು ಹೇಳು."

"ಮೊನ್ನೆ ನಲ್ಲಿ ಬಿಟ್ಟು ಡ್ಯೂಟಿಗೆ ಹೋದ್ರಿ. ಹೋದ ವಾರ ಕನ್ನಡಕ ಹಾಕ್ಕೊಂಡೇ ಮನೆಯೆಲ್ಲ ಕನ್ನಡಕ ಹುಡುಕಿದ್ರಿ. ಹಿಂದಿನ ತಿಂಗಳು ನನ್ನನ್ನ ಲ್ಯಾಬಿಂದ ಕರ್ಕೊಂಡ್ ಬರ್ತೀನಿ ಅಂತ ಬಂದು, ಒಬ್ರೇ ವಾಪಸ್ ಹೋದ್ರಿ."

"ಇದನ್ನೆಲ್ಲ ನೀನು ಯಾರಿಗಾದ್ರೂ ಹೇಳಿದ್ಯಾ?"

"ಊರಿಗೆ ಡಂಗುರ ಹೊಡೆಸೋ ವಿಷಯಾನಾ ಇದು?"

"ಹಾಗಾದ್ರೆ," ಸಾಹೇಬರು ದನಿ ತಗ್ಗಿಸಿದರು, "ಆ ಪೆಟ್ಟಿಗೆಗೆ ಹೇಗೆ ಗೊತ್ತಾಯ್ತು?"

ಹೆಂಡತಿ ಈ ಪ್ರಶ್ನೆಗೆ ಉತ್ತರ ಹುಡುಕುವ ಕಷ್ಟಕ್ಕೆ ಹೋಗದೆ ಕುಕ್ಕರಿನ ಮುಚ್ಚಳ ಹಾಕಿದರು. ಸಾಹೇಬರಿಗೆ ಅದೂ ಅನುಮಾನಕ್ಕೆ ಎಡೆಯಾಯಿತು. ಮರೆವು ಮನೆಯೊಳಗಿನ ಗುಟ್ಟು. ಅದು ಯಂತ್ರದವರೆಗೆ ಹೋಗಿದೆ ಎಂದರೆ ಯಾರೋ ಮುಟ್ಟಿಸಿದ್ದಾರೆ. ಅದು ಸಾಲದೆಂಬಂತೆ "ಕೆಲವನ್ನು ಮುಚ್ಚಿ" ಎಂದು ಬೇರೆ ಎಚ್ಚರಿಸಿದೆ. ಏನನ್ನು ಮುಚ್ಚಬೇಕು? ಯಾರಿಂದ ಮುಚ್ಚಬೇಕು? ಅಂತೂ ಯಾರೋ ನೋಡುತ್ತಿದ್ದಾರೆ ಎಂಬುದು ಖಚಿತವಾಯಿತು.

ಇಂಥ ಹೊತ್ತಿನಲ್ಲಿ ಬೇರೆ ಯಾರಾದರೂ ಆಗಿದ್ದರೆ ಬಾಮೈದನನ್ನು ಕೇಳುತ್ತಿದ್ದರು. ದಂಡ ಹಾಕಿದ ಬಾಯಲ್ಲಿ ಸಲಹೆ ಕೇಳುವುದು ಸಾಹೇಬರಿಗೆ ಸಾಧ್ಯವಿರಲಿಲ್ಲ. ಅವರೇ ತನಿಖೆಗಿಳಿದರು. ಯಂತ್ರದ ವ್ಯವಸ್ಥೆಯ ಪುಟಗಳನ್ನು ಒಂದೊಂದಾಗಿ ಮಗುಚುತ್ತಾ ಹೋದಾಗ "ಗೂಢಚಾರ ತಂತ್ರಾಂಶದಿಂದ ರಕ್ಷಣೆ" ಎಂಬ ಒಂದು ಬಾಗಿಲು ಸಿಕ್ಕಿತು. ಅದರ ಹಿಂದೆ "ಪಹರೆ" ಎಂಬ ಹೆಸರಿನ ಕಾವಲುಗಾರನೊಬ್ಬ ಮೊದಲಿನಿಂದಲೂ ಕೂತಿದ್ದ. ಯಂತ್ರದ ಜೊತೆಗೇ ಬಂದವನಂತೆ. ಪಕ್ಕದಲ್ಲಿ ಇನ್ನೊಂದು ಪಟ್ಟಿ: "ಈಗ ಚಾಲನೆಯಲ್ಲಿರುವವು: ಎಪ್ಪತ್ತಮೂರು." ಒಂದೊಂದರ ಮುಂದೆ ಅದು ಎಷ್ಟು ಸ್ಮರಣೆ ತಿನ್ನುತ್ತಿದೆ ಎಂಬ ಲೆಕ್ಕ.

"ಬಾ ಇಲ್ಲಿ!" ಸಾಹೇಬರು ಮಗಳನ್ನು ಕೂಗಿದರು. "ನಾನು ಕರೆದಿದ್ದು ಹದಿನಾಲ್ಕು ಜನಾನ. ಪತ್ರಿಕೆ, ಹವಾಮಾನ, ಬೆನ್ನುನೋವು ಎಲ್ಲಾ ಸೇರಿ. ಒಳಗಡೆ ಎಪ್ಪತ್ತಮೂರು ಜನ ಕೂತಿದಾರೆ. ಉಳಿದ ಐವತ್ತೊಂಬತ್ತು ಜನ ಎಲ್ಲಿ ಹತ್ತಿದ್ರು?"

"ಅಪ್ಪಾ, ಅವೆಲ್ಲ ಕಂಪ್ಯೂಟರ್ ನಡೆಯೋಕೆ ಬೇಕಾದವು. ಒಳಗೊಳಗೇ ಕೆಲಸ ಮಾಡ್ತಿರ್ತವೆ."

"ಟಿಕೆಟ್ ಇಲ್ದೋರೆಲ್ಲ ಹೇಳೋದು ಅದನ್ನೇ. 'ನಾನು ಸ್ಟಾಫು' ಅಂತ."

ಎಪ್ಪತ್ತಮೂರು ಹೆಸರನ್ನೂ ಸಾಹೇಬರು ಡ್ಯೂಟಿ ಪುಸ್ತಕದಲ್ಲಿ ಬರೆದುಕೊಂಡರು. ಮಗಳು ತಾಯಿಯ ಮುಖ ನೋಡಿದಳು. ಆ ನೋಟವೂ ಪುಸ್ತಕಕ್ಕೆ ಹೋಯಿತು.

ಸೋಮವಾರ ಅವರು "ಹದ್ದುಗಣ್ಣು" ಎಂಬ ಎರಡನೆಯ ಕಾವಲುಗಾರನನ್ನು ಇಳಿಸಿಕೊಂಡು ಕೂರಿಸಿದರು. ಅವನು ಕೂತ ಐದು ನಿಮಿಷಕ್ಕೆ ದೂರು ಕೊಟ್ಟ: "ಎಚ್ಚರ! 'ಪಹರೆ' ಎಂಬುದು ನಿಮ್ಮ ಕಡತಗಳನ್ನೆಲ್ಲ ಒಂದೊಂದಾಗಿ ತೆರೆದು ನೋಡುತ್ತಿದೆ." ಮರುಕ್ಷಣವೇ ಪಹರೆಯವನ ಪ್ರತಿದೂರು: "ಎಚ್ಚರ! 'ಹದ್ದುಗಣ್ಣು' ಎಂಬುದು ನನ್ನನ್ನು ಹಿಂಬಾಲಿಸುತ್ತಿದೆ." ಇಬ್ಬರು ಕಂಡಕ್ಟರುಗಳ ಜಗಳದಲ್ಲಿ ಇಬ್ಬರನ್ನೂ ನಂಬಬಾರದೆಂಬುದು ಸಾಹೇಬರ ಅನುಭವ. ಆದ್ದರಿಂದ ಮಂಗಳವಾರ ಬೆಳಿಗ್ಗೆ ಇಬ್ಬರ ಮೇಲೂ ನಿಗಾ ಇಡಲು "ಕೋಟೆ" ಎಂಬ ಮೂರನೆಯವನನ್ನು ತಂದರು. ಮೂವರಿಗೂ ರಕ್ಷಣೆಯ ಮಟ್ಟ "ಅತ್ಯಧಿಕ" ಎಂದು ಗುರುತು ಹಾಕಿದರು. ಪೂರ್ತಿ ತಪಾಸಣೆ "ವಾರಕ್ಕೊಮ್ಮೆ" ಎಂದಿದ್ದುದನ್ನು "ಗಂಟೆಗೊಮ್ಮೆ" ಮಾಡಿದರು. "ಪ್ರತಿಯೊಂದಕ್ಕೂ ನನ್ನನ್ನು ಕೇಳಿ" ಎಂಬ ಚೌಕ ಕಂಡಾಗ ಅವರ ಮುಖ ಅರಳಿತು. ಇಷ್ಟು ದಿನ ತಮ್ಮನ್ನು ಕೇಳದೆ ಈ ಮನೆಯಲ್ಲಿ ಎಷ್ಟೆಲ್ಲ ನಡೆದಿರಬೇಡ!

ಯಂತ್ರ ಆಮೆಯಾಯಿತು. ಅದು ನಿಧಾನವಾದಷ್ಟೂ ಒಳಗೆ ಗೂಢಚಾರ ಇದ್ದಾನೆಂಬ ನಂಬಿಕೆ ಸಾಹೇಬರಿಗೆ ಬಲಿಯಿತು. ನಂಬಿಕೆ ಬಲಿತಷ್ಟೂ ಕಾವಲು ಬಿಗಿ ಮಾಡಿದರು. ಕಾವಲು ಬಿಗಿಯಾದಷ್ಟೂ ಯಂತ್ರ ಇನ್ನಷ್ಟು ನಿಧಾನವಾಯಿತು.

ಮೊದಲು ಸಿಡಿದವರು ಅಜ್ಜಿ. ಪದಬಂಧದಲ್ಲಿ "ಅಡ್ಡ ಐದು" ತುಂಬಲು ಒಂದು ಅಕ್ಷರ ಒತ್ತಿದರೆ ಅದು ಪರದೆಯ ಮೇಲೆ ಬರುವ ಹೊತ್ತಿಗೆ ಉತ್ತರವೇ ಮರೆತುಹೋಗುತ್ತಿತ್ತು. ಜೊತೆಗೆ ಪ್ರತಿ ಅಕ್ಷರಕ್ಕೂ ಒಂದು ಪ್ರಶ್ನೆ: "ಅಪರಿಚಿತರೊಬ್ಬರು ಕೀಲಿಮಣೆ ಒತ್ತುತ್ತಿದ್ದಾರೆ. ಬಿಡಬೇಕೆ?"

"ಲೋ!" ಅಜ್ಜಿಯ ಕೂಗಿಗೆ ಬೀದಿಯ ನಾಯಿ ಎದ್ದು ಕೂತಿತು. "ನಾನು ಅಪರಿಚಿತಳಂತೆ ಕಣೋ! ನಿನ್ನನ್ನ ಒಂಬತ್ತು ತಿಂಗಳು ಹೊತ್ತಿದ್ದು ಅಪರಿಚಿತಳೇನೋ?"

"ಭದ್ರತೆಗೆ ಅಮ್ಮಾ. ಮೂರು ಜನ ಕಾವಲಿಗಿದಾರೆ."

"ಒಂದು ಅಡುಗೆಮನೇಲಿ ಮೂರು ಜನ ಅತ್ತೇರು ನಿಂತ್ರೆ ಒಲೆ ಹತ್ತೋದಿಲ್ಲ ಕಣೋ. ಒಬ್ಬಳು ಹಚ್ಚೋದು, ಇನ್ನೊಬ್ಬಳು ಆರ್ಸೋದು, ಮೂರನೆಯೋಳು ಯಾರು ಆರ್ಸಿದ್ದು ಅಂತ ಕೇಳೋದು. ನಾನು ಕಂಡಿಲ್ವಾ!"

ಸಂಜೆ ಸಾಹೇಬರು ಡ್ಯೂಟಿ ಮುಗಿಸಿ ಬಂದಾಗ ಪಕ್ಕದ ಮನೆಯ ಹಲ್ಲಿನ ಡಾಕ್ಟರು ಕಾಂಪೌಂಡಿನ ಆಚೆ ಗಿಡಕ್ಕೆ ನೀರು ಹಾಕುತ್ತಿದ್ದರು. ಸಜ್ಜನರು. ನಕ್ಕು ಮಾತಾಡಿಸಿದ್ದೇ ಅವರ ತಪ್ಪು.

"ಏನ್ ಸಾಹೇಬ್ರೇ, ಕಂಪ್ಯೂಟರಿಗೆ ಮೆಮೊರಿ ಸಾಲ್ತಿಲ್ವಂತೆ?"

ಸಾಹೇಬರು ನಿಂತಲ್ಲೇ ನಿಂತರು. "ನಿಮಗ್ಯಾರು ಹೇಳಿದ್ದು?"

"ನಿಮ್ಮ ತಾಯಿ. ನನಗೊಬ್ಬನಿಗೇ ಅಲ್ಲ, ನಾಲ್ಕು ಬೀದಿಗೆ ಹೇಳಿದ್ರು."

"ನಿಮ್ಮ ಮನೆ ವೈಫೈ ಹೆಸರೇನು?"

"ಯಾಕೆ ಸಾಹೇಬ್ರೇ?"

"ಕೇಳಿದ್ದಕ್ಕೆ ಉತ್ತರ ಕೊಡಿ. ನಮ್ಮ ಪಟ್ಟಿಯಲ್ಲಿ ಒಂದು ಹೆಸರು ಕಾಣ್ತಿದೆ. 'ಬಾಯಿ ತೆಗೆಯಿರಿ' ಅಂತ."

"ಅದು ನಮ್ದೇ." ಡಾಕ್ಟರು ನಕ್ಕರು. "ಕ್ಲಿನಿಕ್ಕಿಗೂ ಮನೆಗೂ ಒಂದೇ ಹೆಸರಿಟ್ಟಿದೀನಿ."

"ಯಾರ ಬಾಯಿ ಬಿಡಿಸೋಕೆ?"

"ಹಲ್ಲುನೋವಿದ್ದೋರ ಬಾಯಿ, ಸಾಹೇಬ್ರೇ!"

"ಎಷ್ಟು ದಿನದಿಂದ ನಡೀತಿದೆ?"

"ಹದಿನೆಂಟು ವರ್ಷದಿಂದ ಪ್ರಾಕ್ಟೀಸ್ ಮಾಡ್ತಿದೀನಿ..."

ಸಾಹೇಬರು "ಹದಿನೆಂಟು ವರ್ಷ. ಒಪ್ಪಿಕೊಂಡಿದ್ದಾರೆ" ಎಂದು ಬರೆದುಕೊಂಡು ಒಳಗೆ ಹೋದರು. ಡಾಕ್ಟರು ನೀರಿನ ಪೈಪು ಕೈಯಲ್ಲಿ ಹಿಡಿದು ನಿಂತೇ ಇದ್ದರು. ಅವರ ಚಪ್ಪಲಿಯೊಳಗೆ ನೀರು ತುಂಬಿತು. ಮರುದಿನದಿಂದ ಅವರು ಕ್ಲಿನಿಕ್ಕಿಗೆ ಹಿಂದಿನ ಬೀದಿಯಿಂದ ಹೋಗಲು ಶುರುಮಾಡಿದರು. ತಲೆಮರೆಸಿಕೊಂಡು ಓಡಾಡುತ್ತಿದ್ದಾರೆ ಎಂದು ಅದೂ ಪುಸ್ತಕಕ್ಕೆ ಏರಿತು.

ನಿಜವಾದ ಸಿಡಿಲು ಬಡಿದದ್ದು ಬುಧವಾರ. ಬೆಳಿಗ್ಗೆ ಕೋಟೆಯ ದಾಖಲೆಯನ್ನು ಓದುತ್ತಿದ್ದ ಸಾಹೇಬರ ಬೆರಳು ಒಂದು ಸಾಲಿನ ಮೇಲೆ ನಿಂತಿತು. "ಕ್ಯಾಮೆರಾ ಬಳಸಲಾಗಿದೆ. ಮಂಗಳವಾರ, ಮಧ್ಯಾಹ್ನ 3:10 ರಿಂದ 3:40." ಹದ್ದುಗಣ್ಣಿನ ದಾಖಲೆಯಲ್ಲಿ ಸೋಮವಾರವೂ ಅದೇ ಹೊತ್ತು. ಆ ಹೊತ್ತಿನಲ್ಲಿ ಸಾಹೇಬರು ಡ್ಯೂಟಿಯಲ್ಲಿರುತ್ತಾರೆ. ಅವರು ಕೂಡಲೇ ಮೂರೂ ಕಾವಲುಗಾರರಿಗೆ ಕ್ಯಾಮೆರಾ ಬಂದ್, ಮೈಕು ಬಂದ್, ಹೊಸಬರ ಕರೆ ಬಂದ್ ಎಂದು ಆಜ್ಞೆ ಕೊಟ್ಟು, ನೇರ ಪೊಲೀಸ್ ಠಾಣೆಗೆ ನಡೆದರು.

ಠಾಣೆಯಲ್ಲಿ ದೂರು ಬರೆದುಕೊಳ್ಳುವ ರೈಟರು ಸಮಾಧಾನದ ಮನುಷ್ಯ. ಹಾಳೆ ಸರಿಮಾಡಿಕೊಂಡು ಕೇಳಿದರು: "ಏನು ಕಳುವಾಗಿದೆ?"

"ಸ್ಮರಣೆ."

ಪೆನ್ನು ನಿಂತಿತು. "ಯಾರದ್ದು?"

"ಅದೇ ಗೊತ್ತಾಗ್ತಿಲ್ಲ. ನಂದೂ ಇರ್ಬಹುದು, ಕಂಪ್ಯೂಟರಿಂದೂ ಇರ್ಬಹುದು."

"ಒಟ್ಟು ಎಷ್ಟಿತ್ತು?"

"ನಾಲ್ಕು ಜಿಬಿ. ಈಗ ನೂರಕ್ಕೆ ತೊಂಬತ್ತೇಳು ಭಾಗ ಯಾರೋ ತಿಂದಿದಾರೆ."

"ಕೊನೇ ಸಲ ಎಲ್ಲಾ ಸರಿಯಾಗಿದ್ದಿದ್ದು ಯಾವಾಗ ನೋಡಿದ್ರಿ?"

"ನೆನಪಿಲ್ಲ."

ರೈಟರು ಸಾಹೇಬರ ಮುಖವನ್ನು ಒಂದು ಕ್ಷಣ ನೋಡಿ, "ನಿಮ್ಮದೇ ಹೋಗಿರೋ ಹಾಗಿದೆ" ಎಂದು ಗೊಣಗಿಕೊಂಡರು. "ಯಾರ ಮೇಲಾದ್ರೂ ಅನುಮಾನ?"

ಸಾಹೇಬರು ಪುಸ್ತಕ ಬಿಚ್ಚಿದರು. "ಹಲ್ಲಿನ ಡಾಕ್ಟ್ರು. ಹಾಲಿನವನು. ನನ್ನ ಹೆಂಡ್ತಿ, ಸ್ವಲ್ಪ ಮಟ್ಟಿಗೆ. ಪಹರೆ. ಹದ್ದುಗಣ್ಣು."

"ಈ ಹದ್ದುಗಣ್ಣು ಯಾರು, ರೌಡಿನಾ? ನಮ್ಮ ಪಟ್ಟಿಯಲ್ಲಿ ಆ ಹೆಸರಿಲ್ಲ."

"ಅಲ್ಲ, ಕಾವಲುಗಾರ. ನಾನೇ ಇಟ್ಕೊಂಡಿದ್ದು."

"ನೀವೇ ಇಟ್ಕೊಂಡೋನ ಮೇಲೆ ನಿಮಗೇ ಅನುಮಾನವಾ?"

"ನನಗಲ್ಲ. ಅವನ ಮೇಲೆ ಪಹರೆಗೆ ಅನುಮಾನ. ಪಹರೆ ಮೇಲೆ ಅವನಿಗೆ ಅನುಮಾನ. ಇಬ್ಬರ ಮೇಲೂ ಕೋಟೆಗೆ ಅನುಮಾನ."

"ಕೋಟೆ ಮೇಲೆ?"

ಸಾಹೇಬರು ಬೆಚ್ಚಿದರು. ಇದು ಅವರಿಗೆ ಹೊಳೆದೇ ಇರಲಿಲ್ಲ. "ಕೋಟೆ ಮೇಲೆ ಯಾರೂ ಇಲ್ಲ," ಎಂದರು.

ರೈಟರು ಪೆನ್ನಿನ ಮುಚ್ಚಳ ಹಾಕಿದರು. "ನೋಡಿ ಸ್ವಾಮಿ, ಸ್ಮರಣೆ ವಿಷಯ ನನಗೆ ತಿಳಿಯೋಲ್ಲ. ಆದ್ರೆ ಕ್ಯಾಮೆರಾ ವಿಷಯ ಹುಡುಗಾಟ ಅಲ್ಲ. ಹೊರಗಿನೋರು ಅಂತ ಗೊತ್ತಾದ್ರೆ ಬನ್ನಿ, ಬರ್ಕೊಳ್ತೀನಿ. ಅದಕ್ಕೆ ಮುಂಚೆ ಮನೆಯವ್ರನ್ನ ಒಂದ್ಮಾತು ಕೇಳಿ. ಇಂಥವು ಬಹಳ ಮನೇಲೇ ಬಗೆಹರೀತವೆ."

ಇದಕ್ಕಿಂತ ಒಳ್ಳೆಯ ಸಲಹೆ ಇರಲಾರದು. ಆದರೆ "ಮನೆಯವ್ರನ್ನ ಕೇಳಿ" ಎಂಬುದು ಸಾಹೇಬರ ಕಿವಿಗೆ "ಮನೆಯವರನ್ನು ಹಿಡಿಯಿರಿ" ಎಂದು ಬಿತ್ತು. ಅವರು ಗುರುವಾರಕ್ಕೆ ರಜೆ ಬರೆದುಕೊಟ್ಟು, ಮನೆಯಲ್ಲಿ ಆ ಸುದ್ದಿ ಎತ್ತಲಿಲ್ಲ.

ಗುರುವಾರ ಬೆಳಿಗ್ಗೆ ಅವರು ಎಂದಿನಂತೆ ಖಾಕಿ ತೊಟ್ಟು, ಬೂಟು ಹಾಕಿ, ಚೀಲ ಹೆಗಲಿಗೇರಿಸಿ, "ಬರ್ತೀನಿ" ಎಂದು ಗೇಟು ದಾಟಿದರು. ಬೀದಿಯ ತಿರುವಿನವರೆಗೆ ಹೋಗಿ, ಸುತ್ತುಹಾಕಿ, ಹಿತ್ತಿಲ ಬಾಗಿಲಿಂದ ಕಳ್ಳಹೆಜ್ಜೆಯಲ್ಲಿ ಬಂದು, ಕಂಪ್ಯೂಟರಿನ ಪಕ್ಕದ ಪರದೆಯ ಹಿಂದೆ ನಿಂತರು. ಟಿಕೆಟ್ ಕಳ್ಳರಿಗೆ ಹೊಂಚು ಹಾಕಿ ಇಪ್ಪತ್ತೆರಡು ವರ್ಷ ಪಳಗಿದ ದೇಹ. ಉಸಿರೂ ಕೇಳಿಸುತ್ತಿರಲಿಲ್ಲ. ಮೂಲೆಯ ಕುರ್ಚಿಯಲ್ಲಿದ್ದ ಅಜ್ಜಿ ಮಾತ್ರ ಪರದೆಯ ಕೆಳಗೊಮ್ಮೆ ನೋಡಿ, ಮತ್ತೆ ಕೈಯಲ್ಲಿದ್ದ ಪುಸ್ತಕ ನೋಡಿದರು.

ಹತ್ತೂಮೂವತ್ತಕ್ಕೆ ತಾಯಿ ಮಗಳು ಬಂದರು. ಮಗಳು ಇಸ್ತ್ರಿ ಮಾಡಿದ ಬಟ್ಟೆ ಹಾಕಿದ್ದಳು.

"ಅಪ್ಪ ಹೊರಟ್ರಾ?"

"ಹೊರಟ್ರು. ಗೇಟಿನ ಸದ್ದಾಯ್ತಲ್ಲ."

"ಅವರು ಹನ್ನೊಂದಕ್ಕೆ ಸರಿಯಾಗಿ ಬರ್ತಾರಮ್ಮ. ನನಗೆ ಹೆದ್ರಿಕೆ ಆಗ್ತಿದೆ."

"ಏನೂ ಆಗಲ್ಲ. ನಿಮ್ಮಪ್ಪನಿಗೆ ಗೊತ್ತಾಗೋ ಮುಂಚೆ ಎಲ್ಲಾ ಮುಗಿದುಹೋಗುತ್ತೆ."

ಪರದೆಯ ಹಿಂದೆ ಸಾಹೇಬರ ಮೈಯ ರೋಮವೆಲ್ಲ ನಿಮಿರಿತು. ಈ ಮಾತುಗಳನ್ನು ಕೇಳಿದ ಯಾವ ನ್ಯಾಯಾಧೀಶನೂ ಅವರದೇ ಪಕ್ಷ ವಹಿಸುತ್ತಿದ್ದ ಎಂಬುದನ್ನು ನಾವು ಒಪ್ಪಲೇಬೇಕು.

ಮಗಳು ಯಂತ್ರದ ಗುಂಡಿ ಒತ್ತಿದಳು. ಅದು ನಿಧಾನಕ್ಕೆ ಎದ್ದಿತು. ಎದ್ದ ಕೂಡಲೇ ಮೂವರು ಕಾವಲುಗಾರರೂ ಪೂರ್ತಿ ತಪಾಸಣೆಗೆ ಒಟ್ಟಿಗೆ ಹೊರಟರು. ಹದ್ದುಗಣ್ಣು ಪಹರೆಯನ್ನು ಹಿಡಿದು ಕಟ್ಟಿಹಾಕಿತು. ಕೋಟೆ ಹದ್ದುಗಣ್ಣನ್ನು ತಡೆಯಿತು. ಒಂದರ ಮೇಲೊಂದು ಪ್ರಶ್ನೆಯ ಚೌಕಗಳು ಬಿದ್ದವು. "ಅಪರಿಚಿತರು ಇಲಿ ಅಲುಗಾಡಿಸುತ್ತಿದ್ದಾರೆ. ಬಿಡಬೇಕೆ?" ಮಗಳು "ಬಿಡಿ" ಒತ್ತಿದಳು. "'ಬಿಡಿ' ಎಂದು ಒತ್ತಿದವರು ಯಾರು?" ಎಂದು ಇನ್ನೊಂದು ಕೇಳಿತು. ಕ್ಯಾಮೆರಾ ಇಲ್ಲ, ಮೈಕು ಇಲ್ಲ. ಕೊನೆಗೆ ಕಂಪ್ಯೂಟರಿನ ಪರದೆ ಕಲ್ಲಾಯಿತು. ನಡುವೆ ಅದೇ ಹಳದಿ ಚೌಕ: "ಸ್ಮರಣೆ ಕಡಿಮೆಯಿದೆ."

"ಅಮ್ಮಾ!" ಮಗಳ ದನಿ ಒಡೆಯಿತು. "ಇವತ್ತು ಬಿಟ್ರೆ ಮುಂದಿನ ವರ್ಷನೇ. ಹತ್ತು ತಿಂಗಳು ಓದಿದೀನಿ..." ಮುಖ ಮುಚ್ಚಿಕೊಂಡು ಅವಳು ಬಿಕ್ಕಿದಳು.

ಗೂಢಚಾರರು ಅಳುವುದನ್ನು ಸಾಹೇಬರು ಎಂದೂ ಕೇಳಿರಲಿಲ್ಲ. ಪರದೆ ಸರಿಸಿ ಹೊರಬಂದರು. ಹೆಂಡತಿ ಕಿಟಾರನೆ ಕಿರುಚಿದರು.

"ಕಿರುಚಬೇಡ್ವೇ," ಎಂದರು ಅಜ್ಜಿ, ಪುಸ್ತಕದಿಂದ ತಲೆಯೆತ್ತದೆ. "ಅರ್ಧ ಗಂಟೆಯಿಂದ ಪರದೆಗೆ ಬೂಟು ಬಂದಿದೆ. ಹೇಳೋಣ ಅಂತಿದ್ದೆ."

"ಯಾರು ಬರ್ತಾರೆ ಹನ್ನೊಂದಕ್ಕೆ?" ಸಾಹೇಬರ ಪ್ರಶ್ನೆಯಲ್ಲಿ ಮೊದಲಿನ ಬಿಗಿ ಇರಲಿಲ್ಲ.

ಮಗಳು ಕಣ್ಣೊರೆಸಿಕೊಂಡು ಹೇಳಿದಳು. ಭೂಪಟ ತಯಾರಿಕೆಯನ್ನು ಕಲಿಸುವ ಒಂದು ಸಂಸ್ಥೆ. ಹನ್ನೆರಡೇ ಸೀಟು. ಬರೆಯುವ ಪರೀಕ್ಷೆಯಲ್ಲಿ ಪಾಸಾಗಿದ್ದಾಳೆ. ಇವತ್ತು ಕಂಪ್ಯೂಟರಿನ ಮೂಲಕ ಸಂದರ್ಶನ. ಸೋಮವಾರ, ಮಂಗಳವಾರ ಮಧ್ಯಾಹ್ನ ಮೂರೂಹತ್ತಕ್ಕೆ ಕ್ಯಾಮೆರಾದ ಆಚೆ ಕೂತು ಪ್ರಶ್ನೆ ಕೇಳಿ ಅಭ್ಯಾಸ ಮಾಡಿಸುತ್ತಿದ್ದದ್ದು ಅವಳ ಮಾಮ, ಅಂದರೆ ಸಾಹೇಬರ ಬಾಮೈದ.

"ನನಗ್ಯಾಕೆ ಹೇಳ್ಲಿಲ್ಲ?"

ಹೆಂಡತಿ ಹೇಳಿದರು: "ಹೇಳಿದ್ರೆ ನೀವು ಆ ಸಂಸ್ಥೆಯೋರ್ನೆಲ್ಲ ಸಾಲಾಗಿ ನಿಲ್ಸಿ ಟಿಕೆಟ್ ಕೇಳ್ತಿದ್ರಿ. ಮಗು ಹೆದರಿತ್ತು ರೀ. ಪರೀಕ್ಷೆಗಲ್ಲ, ನಿಮಗೆ."

ಸಾಹೇಬರು ಗೋಡೆಯ ಗಡಿಯಾರ ನೋಡಿದರು. ಹತ್ತೂ ನಲವತ್ತನಾಲ್ಕು. ಡ್ಯೂಟಿ ಪುಸ್ತಕವನ್ನು ಮೇಜಿನ ಮೇಲಿಟ್ಟು, ಫೋನು ತೆಗೆದು, ಮೂರು ವರ್ಷದಿಂದ ಒತ್ತದ ನಂಬರು ಒತ್ತಿದರು.

"ಹಲೋ, ನಾನು. ಭಾವ."

ಆ ಕಡೆಯಿಂದ ಬಂದದ್ದು ಒಂದೇ ಮಾತು, "ಪಾಸು ತೋರಿಸ್ಬೇಕಾ?"

"ತೋರಿಸ್ಬೇಡ. ಮಗು ಅಳ್ತಿದೆ."

ಬಾಮೈದನ ದನಿ ತಕ್ಷಣ ಬದಲಾಯಿತು. "ಏನಾಯ್ತು? ಪರದೆ ಮೇಲೆ ಏನಿದೆ, ಓದಿ."

ಸಾಹೇಬರು ಓದಿದರು. ಮೂವರು ಕಾವಲುಗಾರರ ಕಥೆಯನ್ನೂ, ಗಂಟೆಗೊಂದು ತಪಾಸಣೆಯನ್ನೂ, ಠಾಣೆಯನ್ನು ಮಾತ್ರ ಬಿಟ್ಟು, ಒಪ್ಪಿಸಿದರು.

"ಅಯ್ಯೋ ಭಾವ! ಮೆಮೊರಿ ಅಂದ್ರೆ ನಿಮ್ಮ ನೆನಪಲ್ಲ. ಬಸ್ಸಿನ ಸೀಟು ಅಂದ್ಕೊಳ್ಳಿ. ಯಾವ ಪ್ರೋಗ್ರಾಂ ಓಡ್ಬೇಕಾದ್ರೂ ಒಂದಷ್ಟು ಸೀಟು ಬೇಕು. ಸೀಟು ತುಂಬಿದೆ ಅಂದ್ರೆ ಒಳಗೆ ಕಳ್ಳ ಇದಾನೆ ಅಂತಲ್ಲ, ಜನ ಜಾಸ್ತಿ ಇದಾರೆ ಅಂತ. ಈಗ ನಿಮ್ಮ ಬಸ್ಸಲ್ಲಿ ಏನಾಗಿದೆ ಗೊತ್ತಾ? ನಲವತ್ತು ಸೀಟು. ಅದ್ರಲ್ಲಿ ಮೂವತ್ತೆಂಟರಲ್ಲಿ ಚೆಕಿಂಗ್ ಇನ್ಸ್‌ಪೆಕ್ಟರ್‌ಗಳೇ ಕೂತು, ಒಬ್ಬರನ್ನೊಬ್ಬರು ಟಿಕೆಟ್ ಕೇಳ್ತಿದಾರೆ. ಪ್ಯಾಸೆಂಜರ್ ಎಲ್ಲಿ ಕೂರ್ಬೇಕು?"

ಸಾಹೇಬರಿಗೆ ಆ ಬಸ್ಸು ಕಣ್ಣಿಗೆ ಕಟ್ಟಿತು. ಎಲ್ಲರೂ ಖಾಕಿ, ಎಲ್ಲರೂ ಬೂಟು, ಎಲ್ಲರ ಕೈಯಲ್ಲೂ ಪುಸ್ತಕ. ಬಾಗಿಲಲ್ಲಿ ಇಸ್ತ್ರಿ ಬಟ್ಟೆಯ ಮಗಳು ನಿಂತಿದ್ದಾಳೆ. ಯಾರೂ ಸರಿದು ಜಾಗ ಕೊಡುತ್ತಿಲ್ಲ.

"ಏನ್ ಮಾಡ್ಲಿ ಹೇಳಪ್ಪ."

"ಗುಂಡಿ ಒತ್ತಿ ಹಿಡ್ಕೊಂಡು ಆರ್ಸಿ. ಮತ್ತೆ ಹಚ್ಚಿದ ತಕ್ಷಣ ಹದ್ದುಗಣ್ಣು, ಕೋಟೆ, ಎರಡನ್ನೂ ತೆಗೀರಿ. ಪಹರೆ ಇರ್ಲಿ. ಅದು ಕಂಪ್ಯೂಟರ್ ಜೊತೆ ಬಂದಿದ್ದು, ಒಂದೇ ಸಾಕು. ಕಾವಲು ಬೇಡ ಅಂತಲ್ಲ ಭಾವ, ಒಬ್ಬ ಸಾಕು ಅಂತ."

ಹತ್ತೂ ನಲವತ್ತೊಂಬತ್ತಕ್ಕೆ ಯಂತ್ರ ಮತ್ತೆ ಎದ್ದಿತು. ಹದ್ದುಗಣ್ಣು ಸುಲಭಕ್ಕೆ ಇಳಿಯಿತು. ಕೋಟೆ ಹಟ ಹಿಡಿಯಿತು. "ನನ್ನನ್ನು ತೆಗೆದರೆ ನೀವು ಅಪಾಯಕ್ಕೆ ಸಿಲುಕುತ್ತೀರಿ. ಖಚಿತವೇ?" ಸಾಹೇಬರು ಒತ್ತಿದರು. "ನಿಜವಾಗಿಯೂ ಖಚಿತವೇ?" ಮತ್ತೆ ಒತ್ತಿದರು. "ಕಾರಣ ತಿಳಿಸಿ." ಸಾಹೇಬರು ಎರಡು ಬೆರಳಲ್ಲಿ ಟೈಪು ಮಾಡಿದರು: "ನಿನ್ನ ಸ್ಟಾಪು ಬಂತು."

ಮತ್ತೊಮ್ಮೆ ಆರಿಸಿ ಹಚ್ಚಿದರು. ಸ್ಮರಣೆಯ ಲೆಕ್ಕ ನೂರಕ್ಕೆ ನಲವತ್ತೊಂದಕ್ಕೆ ಇಳಿದಿತ್ತು. ಪಹರೆಯ ತಪಾಸಣೆಯನ್ನು ಮೊದಲಿದ್ದಂತೆ ವಾರಕ್ಕೊಮ್ಮೆ ಮಾಡಿಸಿದ ಬಾಮೈದ. ಹತ್ತೂ ಐವತ್ತೆಂಟಕ್ಕೆ ಸಂಸ್ಥೆಯ ಕರೆ ಬಂದಾಗ ಪಹರೆ ಒಂದೇ ಒಂದು ಪ್ರಶ್ನೆ ಕೇಳಿತು: "ಇವರು ಕ್ಯಾಮೆರಾ ಬಳಸಲು ಬಿಡಬೇಕೆ?"

ಎಲ್ಲರೂ ಸಾಹೇಬರನ್ನು ನೋಡಿದರು.

"ನೀನೇ ಒತ್ತು," ಎಂದು ಅವರು ಮಗಳಿಗೆ ಹೇಳಿ, ಬಗ್ಗಿಕೊಂಡು ಅಡುಗೆಮನೆಗೆ ಹೋಗಿ, ಬಾಗಿಲ ಮರೆಯಲ್ಲಿ ನೆಲದ ಮೇಲೆ ಕೂತರು. ಅಜ್ಜಿಯೂ ಬಂದು ಪಕ್ಕದಲ್ಲಿ ಕೂತರು.

ಸಂದರ್ಶಕರ ದನಿ ಸ್ಪಷ್ಟವಾಗಿ ಕೇಳುತ್ತಿತ್ತು. ಯಾರೋ ಹಿರಿಯರು ಕೇಳಿದರು: "ನಿಮ್ಮ ಊರಿನ ಭೂಪಟದಲ್ಲಿ ಇಲ್ಲದೇ ಇರೋದು, ನಿಮಗೆ ಮಾತ್ರ ಗೊತ್ತಿರೋದು, ಏನಾದ್ರೂ ಇದೆಯಾ?"

"ಇದೆ ಸರ್. ನಿಲ್ದಾಣ ಅಲ್ಲದ ಕಡೆ ಬಸ್ಸು ನಿಲ್ಲೋ ಜಾಗಗಳು. ನಲವತ್ತೊಂದು ಇವೆ. ನಾನು ನಾಲ್ಕನೇ ಕ್ಲಾಸಿಂದ ಗುರುತು ಹಾಕಿ ಇಟ್ಟಿದೀನಿ."

"ಅಷ್ಟೊಂದು ಹೇಗೆ ಗೊತ್ತಾಯ್ತು?"

"ನಮ್ಮಪ್ಪ ಹೊಂಚು ಹಾಕೋ ಜಾಗಗಳು ಸರ್. ಟಿಕೆಟ್ ಚೆಕಿಂಗಿಗೆ. ರಜಾ ದಿನ ನನ್ನನ್ನೂ ಕರ್ಕೊಂಡ್ ಹೋಗ್ತಿದ್ರು. ಮರದ ಹಿಂದೆ ನಿಲ್ಲಿಸಿ, ಇಲ್ಲಿಂದ ಎಷ್ಟು ಹೆಜ್ಜೆಗೆ ಬಸ್ಸು ನಿಲ್ಲುತ್ತೆ ಎಣಿಸು ಅಂತಿದ್ರು. ನನಗೆ ಭೂಪಟ ಅಂದ್ರೆ ಶುರುವಾಗಿದ್ದೇ ಅಲ್ಲಿ."

"ಇಲಾಖೆ ರಹಸ್ಯ!" ಎಂದು ಸಾಹೇಬರು ಏಳಹೋದರು. ಅಜ್ಜಿ ಅವರ ಬೆಲ್ಟು ಹಿಡಿದು ಕೂರಿಸಿದರು. ಕೂತ ಮೇಲೆ ಸಾಹೇಬರು ಕನ್ನಡಕ ತೆಗೆದು ಒರೆಸಿದರು. ಗಾಜಿನ ಮೇಲೆ ಧೂಳೇನೂ ಇರಲಿಲ್ಲ.

ಸಂದರ್ಶನ ಚೆನ್ನಾಗಿಯೇ ಮುಗಿಯಿತು. ಆದರೆ ಉತ್ತರ ಬರಲಿಲ್ಲ. ಒಂದು ವಾರ ಹೋಯಿತು, ಎರಡಾಯಿತು. ಮಗಳು ದಿನಕ್ಕೆ ಹತ್ತು ಸಲ ಇ-ಮೇಲ್ ಪತ್ರಗಳ ಪುಟ ತೆರೆದು ನೋಡಿ, ಕೊನೆಗೆ ನೋಡುವುದನ್ನೇ ಬಿಟ್ಟಳು. ಅಜ್ಜಿ ಎಲ್ಲವನ್ನೂ ಕೂಗಿ ತಿಳಿಸಿದ ಮೇಲೆ ಹಲ್ಲಿನ ಡಾಕ್ಟರು ಮತ್ತೆ ಮುಂದಿನ ಬೀದಿಯಲ್ಲಿ ಓಡಾಡತೊಡಗಿದ್ದರು. ಬಾಮೈದ ಎರಡು ಸಲ ಮನೆಗೆ ಬಂದು, ಕಾವಲುಗಾರ ಹಿಡಿದಿಟ್ಟಿರುವ ಪತ್ರಗಳ ಪೆಟ್ಟಿಗೆಯ ಮೇಲೆ ಆಗಾಗ ಕಣ್ಣಾಡಿಸಬೇಕೆಂದು ಭಾವನಿಗೆ ಕಲಿಸಿಕೊಟ್ಟ. "ಎಷ್ಟೋ ಸಲ ಪಾಪದೋರ್ನೂ ಹಿಡ್ಕೊಂಡ್ಬಿಡುತ್ತೆ ಭಾವ," ಎಂದು ಮುಖ ನೋಡದೆ ಹೇಳಿದ.

ಮೂರನೆಯ ವಾರದ ಒಂದು ಬೆಳಿಗ್ಗೆ, ವಾರದ ರಜೆಯ ದಿನ, ಸಾಹೇಬರು ಆ ಪೆಟ್ಟಿಗೆ ತೆರೆದರು. ಕಸವೇ ಕಸ. ಬಹುಮಾನ ಬಂದಿದೆ ಎನ್ನುವವರು, ಬೋಳುತಲೆಗೆ ಎಣ್ಣೆ ಮಾರುವವರು. ಅವುಗಳ ನಡುವೆ ಒಂದು ಸಾಲು: "ಅಭಿನಂದನೆಗಳು! ನೀವು ಆಯ್ಕೆಯಾಗಿದ್ದೀರಿ!" ಪಕ್ಕದಲ್ಲಿ ಪಹರೆಯ ಕೆಂಪು ಅಕ್ಷರ: "ಮೋಸದ ಲಕ್ಷಣ. ಅಳಿಸಬೇಕೆ?"

ಮೂರು ವಾರದ ಹಿಂದೆ ಆಗಿದ್ದರೆ ಸಾಹೇಬರು ಅಳಿಸಿ, ಕೈ ತೊಳೆದುಕೊಂಡು ಬರುತ್ತಿದ್ದರು. ಇಂದು ಅವರು ಕನ್ನಡಕ ಏರಿಸಿ, ಕಳಿಸಿದವರ ವಿಳಾಸವನ್ನು ಅಕ್ಷರ ಅಕ್ಷರವಾಗಿ ಓದಿದರು. ಭೂಪಟ ಸಂಸ್ಥೆ. ಒಪ್ಪಿಗೆ ತಿಳಿಸಲು ಕೊನೆಯ ದಿನಾಂಕ: ಅದೇ ದಿನ.

ಅವರು ಮಗಳನ್ನು ಕೂಗಲಿಲ್ಲ. ಸುಳ್ಳಾಗಿದ್ದರೆ ಮಗು ಎರಡನೆಯ ಸಲ ಅಳಬೇಕಾಗುತ್ತದೆ. ಪತ್ರದಲ್ಲಿದ್ದ ನಂಬರನ್ನೂ ಒತ್ತಲಿಲ್ಲ. ಮಗಳ ಪರೀಕ್ಷೆಯ ಪ್ರವೇಶಪತ್ರದ ಹಿಂದೆ ಅಚ್ಚಾಗಿದ್ದ ಸಂಸ್ಥೆಯ ನಂಬರನ್ನು ಹುಡುಕಿ ಫೋನು ಮಾಡಿದರು. ಒಬ್ಬ ಹೆಂಗಸಿನ ದನಿ ಉತ್ತರಿಸಿತು.

"ನಿಮ್ಮ ಸಂಸ್ಥೆಯಿಂದ ಒಂದು ಪತ್ರ ಬಂದಿದೆ. ನೀವೇ ಕಳಿಸಿದ್ದಾ?" ಎಂದು ಸಾಹೇಬರು ಅರ್ಜಿಯ ನಂಬರು ಓದಿದರು.

"ಹೌದು, ನಾವೇ. ಇದೊಂದು ಸೀಟಿಗೆ ಉತ್ತರ ಬಂದಿಲ್ಲ. ಸಂಜೆ ಐದಕ್ಕೆ ಬೇರೆಯೋರಿಗೆ ಕೊಡೋದ್ರಲ್ಲಿದ್ವಿ."

"ಕೊಡ್ಬೇಡಿ! ಅವಳು ಬರ್ತಾಳೆ. ಬರ್ಕೊಳ್ಳಿ, ಒಪ್ಪಿಗೆ ಇದೆ."

"ತಾವು ಯಾರು?"

"ಅವಳ ತಂದೆ."

"ಅದನ್ನ ನೀವು ಹೇಳ್ತಿದೀರಿ," ಎಂದಿತು ಆ ದನಿ, ಒಂದಿಷ್ಟೂ ಅಲುಗದೆ. "ನೀವೇ ಅವಳ ತಂದೆ ಅನ್ನೋದಕ್ಕೆ ನನಗೇನು ಆಧಾರ? ದಿನಕ್ಕೆ ಹತ್ತು ಜನ ಫೋನ್ ಮಾಡಿ ತಂದೆ ಅಂತಾರೆ, ಮಾವ ಅಂತಾರೆ. ಅರ್ಜಿ ಹಾಕಿದ ಹುಡುಗಿ ಬಾಯಲ್ಲೇ ಕೇಳ್ಬೇಕು. ಅವಳ ಕೈಗೆ ಫೋನ್ ಕೊಟ್ಟು ನೀವು ಪಕ್ಕಕ್ಕೆ ಸರ್ಕೊಳ್ಳಿ."

ಸಾಹೇಬರು ಕುರ್ಚಿಯಿಂದ ಎದ್ದು ನಿಂತರು. ಇಪ್ಪತ್ತೆರಡು ವರ್ಷದಲ್ಲಿ ಯಾರೂ ಅವರನ್ನು ಹೀಗೆ ನಿಲ್ಲಿಸಿ ಕೇಳಿರಲಿಲ್ಲ. ಮಗಳನ್ನು ಕರೆದು, ಫೋನನ್ನು ಎರಡೂ ಕೈಯಲ್ಲಿ ಕೊಟ್ಟು, ಹೇಳಿದಂತೆಯೇ ಪಕ್ಕಕ್ಕೆ ಸರಿದರು. ಮಗಳು ತನ್ನ ಹುಟ್ಟಿದ ದಿನ ಹೇಳಿದಳು, ಅರ್ಜಿಯ ವಿವರ ಹೇಳಿದಳು. ಆಮೇಲೆ "ಹೌದು ಮೇಡಂ, ಬರ್ತೀನಿ ಮೇಡಂ" ಎಂದು ಕುಣಿದಳು.

ಹೆಂಡತಿ ಒಳಗಿನಿಂದ ಓಡಿಬಂದರು. "ಏನಂತೆ ರೀ? ಎಂಥ ಜಾಗವಂತೆ?"

"ಒಳ್ಳೇ ಜಾಗ ಕಣೇ," ಎಂದರು ಸಾಹೇಬರು. "ನನ್ನನ್ನೇ ನಂಬ್ಲಿಲ್ಲ. ಕಣ್ಮುಚ್ಚಿ ಕಳಿಸ್ಬಹುದು."